ಬದಲಾವಣೆ ಇಲ್ಲ

ಮೂರು ತಿಂಗಳಲ್ಲಿ ಅರ್ಚನಾ ನನಗೆ ಹನ್ನೊಂದು ಸಲ ಫೋನ್ ಮಾಡಿದ್ದಳು. ಹನ್ನೊಂದು ಸಲವೂ ಅವಳು ಹೇಳಿದ್ದು ಒಂದೇ ಮಾತು, ನಾನು ಕೊಟ್ಟದ್ದೂ ಒಂದೇ ಉತ್ತರ. ಅದನ್ನು ನೆನೆದಾಗಲೆಲ್ಲ ಮೈ ಉರಿಯುತ್ತದೆ. ಮೊದಲು ಅವಳ ಮೇಲೆ ಉರಿಯುತ್ತಿತ್ತು, ಈಗ ನನ್ನ ಮೇಲೇ.

ಆಂಧ್ರದ ಗಡಿಯ ರಾಯದುರ್ಗದಲ್ಲಿ ಇಪ್ಪತ್ತೆರಡು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಜೀನ್ಸ್ ಹೊಲಿಯುವ ಶೆಡ್ಡಿನಲ್ಲಾಗಲಿ, ಮೆಡಿಕಲ್ ಶಾಪಿನಲ್ಲಾಗಲಿ ಮಿಷನ್, ಅಂದರೆ ಕಂಪ್ಯೂಟರ್, ಕೆಟ್ಟರೆ ‘ಶಿವರಾಮಣ್ಣನ್ನ ಕರೀರಿ’ ಅನ್ನುತ್ತಾರೆ. ಕೇಳಿ ಕೇಳಿ ನನಗೂ ಸ್ವಲ್ಪ ಕೊಬ್ಬು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಗಂಗರಾಜುವಿನ ಪ್ರೆಸ್ಸು ನನ್ನ ಹಳೆಯ ಗಿರಾಕಿ. ಈ ಕಡೆಯ ಕನ್ನಡ ಶಾಲೆಗಳ ಪ್ರಶ್ನೆಪತ್ರಿಕೆ ಅಚ್ಚಾಗುವುದು ಅಲ್ಲಿ. ಆದರೆ ಕನ್ನಡ ಟೈಪ್ ಮಾಡುವ ಕೈ ಇದ್ದದ್ದು ಮಡಕಶಿರಾದಲ್ಲಿ. ಬಸ್ ಸ್ಟ್ಯಾಂಡಿನ ಹಿಂದಿನ ಕೋಣೆಯೊಂದರಲ್ಲಿ ಪ್ರೆಸ್ಸಿನದೇ ಒಂದು ಕಂಪ್ಯೂಟರ್, ಅದರ ಮುಂದೆ ಅರ್ಚನಾ. ಅಗಳಿ, ಮಡಕಶಿರಾ ಕಡೆಯ ಮೇಷ್ಟ್ರುಗಳು ಕೈಬರಹ ತಂದುಕೊಟ್ಟರೆ ಅವಳು ಟೈಪ್ ಮಾಡಿ, ಪೆನ್ ಡ್ರೈವ್‌ಗೆ ಹಾಕಿ, ಲಕೋಟೆ ಅಂಟಿಸಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದಳು. ಇಲ್ಲಿ ತೆರೆದು ಓದಿನೋಡಿದ ಮೇಲೆ ಅದೇ ಪೆನ್ ಡ್ರೈವ್ ತಿದ್ದುಪಡಿ ಹೊತ್ತುಕೊಂಡು ಅವಳ ಹತ್ತಿರ ವಾಪಸ್ ಹೋಗುತ್ತಿತ್ತು. ಫೋನಿನಲ್ಲೇ ಕಳಿಸಬಹುದಿತ್ತಲ್ಲ ಅನ್ನಬೇಡಿ. ಪ್ರಶ್ನೆಪತ್ರಿಕೆ ಇರುವ ಮಿಷನ್‌ಗೆ ನೆಟ್ ಇರಕೂಡದು ಎಂದು ಶಾಲೆಯವರ ಕಟ್ಟಪ್ಪಣೆ.

ನೆಟ್ ಇಲ್ಲದ ಮಿಷನ್ನಿನಲ್ಲಿ ಆಂಟಿವೈರಸ್ ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಹೊಸ ವೈರಸ್ಸುಗಳ ಹೆಸರು ಅದಕ್ಕೆ ತಲುಪುವುದೇ ಇಲ್ಲ. ಅದಕ್ಕೇ ನಾನು ಬೇರೆ ದಾರಿ ಹಿಡಿದೆ. ಮಿಷನ್ ಪೂರ್ತಿ ಶುದ್ಧವಾಗಿರುವ ದಿನ ಒಂದು ಪಟ್ಟಿ ತೆಗೆದಿಡುವುದು: ಒಳಗೆ ಯಾವ ಯಾವ ಫೈಲ್ ಇವೆ, ಸ್ವಿಚ್ ಹಾಕಿದ ಕೂಡಲೇ ಯಾವ ಪ್ರೋಗ್ರಾಂ ತಾನಾಗಿ ಏಳುತ್ತದೆ, ಎಲ್ಲವೂ ಅದರಲ್ಲಿರಬೇಕು. ಆಮೇಲೆ ದಿನಾ ಸಂಜೆ ಮತ್ತೆ ಪಟ್ಟಿ ತೆಗೆದು ಮೊದಲಿನದರ ಜೊತೆ ತಾಳೆ ನೋಡುವುದು. ಕಳ್ಳನ ಹೆಸರು ಗೊತ್ತಿರಬೇಕಾಗಿಲ್ಲ, ಬಾಗಿಲಲ್ಲಿ ಹೊಸ ಜೊತೆ ಚಪ್ಪಲಿ ಕಂಡರೆ ಸಾಕು. ಬಂದ ಉತ್ತರವನ್ನು ದಿನಾ ಒಂದು ಹಾಳೆಗೆ ಪ್ರಿಂಟ್ ಹಾಕಿ ಪ್ರೆಸ್ಸಿನ ಗೋಡೆಯ ಮೊಳೆಗೆ ಚುಚ್ಚುತ್ತಿದ್ದೆ. ಎಲ್ಲ ಹಾಳೆಯ ಮೇಲೂ ಒಂದೇ ಸಾಲು: ಬದಲಾವಣೆ ಇಲ್ಲ.

ಮಡಕಶಿರಾದ ಮಿಷನ್ ಹಿಂದೂಪುರದ ಅಂಗಡಿಯಿಂದ ನೇರವಾಗಿ ಅಲ್ಲಿಗೇ ಹೋಗಿತ್ತು. ಅದಕ್ಕೂ ಈ ಪಟ್ಟಿಯ ವ್ಯವಸ್ಥೆ ಆಗಬೇಕಿತ್ತು. ನಾನು ಹೋದೆನೇ? ಇಲ್ಲ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿ, ಸೊಂಟ ನೋಯಿಸಿಕೊಂಡು ಯಾರು ಹೋಗುತ್ತಾರೆ? ನನ್ನ ಮನೆಯ ಮಿಷನ್ನಿನಿಂದ ಹೊಸ ಪೆನ್ ಡ್ರೈವ್ ಒಂದಕ್ಕೆ ಪ್ರೋಗ್ರಾಂ ಹಾಕಿ ಕಳಿಸಿ, ಉಳಿದದ್ದನ್ನು ಫೋನಿನಲ್ಲೇ ಹೇಳಿಕೊಟ್ಟೆ. ಹುಡುಗಿ ಚುರುಕು, ಒಂದೇ ಸಲಕ್ಕೆ ಕಲಿತಳು.

ಕಲಿತದ್ದೇ ತಪ್ಪಾಯಿತು. ವಾರ ಕಳೆಯುವುದರೊಳಗೆ ಫೋನ್.

“ಶಿವರಾಮಣ್ಣ, ಪಟ್ಟೀಲಿ ಮೂರು ಸಾಲು ಹೊಸದಾಗಿ ಬಂದವೆ. ನಿಮ್ಮ ಕಡೆಯಿಂದ ಬಂದ ಪೆನ್ ಡ್ರೈವ್ ತೆಗೆದು ನೋಡಿದ್ಮೇಲೇ ಬಂದಿದ್ದು ಕಣಣ್ಣ. ಅಳಿಸಿ ಹಾಕಿದೀನಿ. ನಿಮ್ಮ ಮಿಷನ್ ಒಂದ್ಸಲ ನೋಡ್ತೀರಾ?”

ನಾನು ಗೋಡೆಯ ಮೊಳೆ ನೋಡಿದೆ. “ಅಮ್ಮಾ, ನನ್ನ ಪಟ್ಟಿ ದಿನಾ ಬದಲಾವಣೆ ಇಲ್ಲ ಅಂತ ತೋರಸಾಕತ್ತೈತಿ. ನಿನ್ನದು ತೋರಸ್ತೈತಿ ಬದಲಾವಣಿ. ಹಂಗಾದ್ರ ಕೆಟ್ಟಿರೋದು ಯಾವ್ದು, ನೀನ ಹೇಳು.”

“ನಂದು ತೋರಿಸ್ತೈತೆ ಅಂದ್ರೆ ಕೆಟ್ಟಿರೋದು ನಂದೇ ಅಂತ ಹೆಂಗಣ್ಣ?”

“ಮತ್ತೆ ನಂದಾ?” ಎಂದು ಫೋನ್ ಇಟ್ಟೆ.

ಇಲ್ಲಿ ಪೆನ್ ಡ್ರೈವ್ ಬಂದು ಚುಚ್ಚಿದ ಕೂಡಲೇ ಅದರೊಳಗಿನ ಫೈಲ್‌ಗಳು ಮಾಯವಾಗಿ, ಅವೇ ಹೆಸರಿನ, ಮೂಲೆಯಲ್ಲಿ ಸಣ್ಣ ಬಾಣದ ಗುರುತಿರುವ ಶಾರ್ಟ್‌ಕಟ್‌ಗಳು ಕಾಣುತ್ತಿದ್ದವು. ಮಡಕಶಿರಾದಿಂದಲೇ ಹೀಗೆ ಬಂದಿದೆ ಎಂದು ಪ್ರತಿ ಸಲ ಬೈದುಕೊಂಡು ಸರಿಮಾಡುತ್ತಿದ್ದೆ. ಅವಳು ಫೋನ್ ಮಾಡಿದಾಗಲೆಲ್ಲ ಅದೇ ಮೂರು ಸಾಲಿನ ಪುರಾಣ. ಎಲ್ಲವನ್ನೂ ನೋಟ್ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡುತ್ತೇನೆ ಅಂದಳು. “ಬರಿಯಮ್ಮಾ, ಬರಿ. ಚೆಂದಾಗಿ ಬೈಂಡ್ ಮಾಡಿಸಿ ಕೊಡ್ತೀನಿ,” ಎಂದು ನಕ್ಕೆ. ಪ್ರೆಸ್ಸಿನ ಎಲ್ಲರ ಎದುರಿಗೇ ನಕ್ಕೆ.

ಸೆಪ್ಟೆಂಬರಿನ ಕ್ವಾರ್ಟರ್ಲಿ ಪರೀಕ್ಷೆ ಹತ್ತಿರ ಬಂತು. ಅಚ್ಚು ಹಾಕುವ ಬೆಳಿಗ್ಗೆ ಎಂಟು ಪತ್ರಿಕೆಯಲ್ಲಿ ಐದು ತೆರೆದವು, ಮೂರು ಖಾಲಿ. ನನ್ನ ವಿದ್ಯೆಯನ್ನೆಲ್ಲ ಸುರಿದರೂ ಒಂದಕ್ಷರ ಮೇಲೇಳಲಿಲ್ಲ. ಅವಳ ಹತ್ತಿರವೂ ಪ್ರತಿ ಇರಲಿಲ್ಲ, ಕಳಿಸಿದ ಮೇಲೆ ಅಳಿಸಬೇಕೆಂಬುದೂ ಶಾಲೆಯವರ ಅಪ್ಪಣೆಯೇ. ಮೂರು ಪರೀಕ್ಷೆ ಮುಂದಕ್ಕೆ ಹೋದವು. ಅಗಳಿ ಕಡೆಯ ಹೆಡ್‌ಮಾಸ್ಟರ್ ದೊಡ್ಡರಂಗಪ್ಪ, ಎಲ್ಲ ಶಾಲೆಗಳ ಪರವಾಗಿ ಪತ್ರಿಕೆ ಕೊಡುವವರು ಅವರೇ, ಪ್ರೆಸ್ಸಿಗೆ ಬಂದು ಕುರ್ಚಿಯಲ್ಲೂ ಕೂರದೆ ಕೂಗಾಡಿದರು. ಗಂಗರಾಜು ನನ್ನ ಮುಖ ನೋಡಿದ. ನಾನು ಮೊಳೆಯಿಂದ ಹಾಳೆಗಳ ಕಟ್ಟು ಕಿತ್ತು ಅವರ ಮುಂದಿಟ್ಟೆ.

“ನೋಡ್ರಿ ಸಾರ್. ಇಲ್ಲಿ ಒಂದು ದಿನಾನೂ ಬದಲಾವಣಿ ಇಲ್ಲ. ಬಂದಿದ್ದೆಲ್ಲ ಮಡಕಶಿರಾ ಪೆನ್ ಡ್ರೈವ್‌ನಾಗ.”

ಕಾಗದ ಕಂಡರೆ ನಂಬದ ಮೇಷ್ಟ್ರು ಯಾರಿದ್ದಾರೆ? ಅರ್ಚನಾಳ ಕೆಲಸ ಅವತ್ತೇ ಹೋಯಿತು. ಅವಳ ಕೈಗೆ ಇನ್ನು ಯಾರೂ ಪತ್ರಿಕೆ ಕೊಡಬಾರದು ಎಂದು ದೊಡ್ಡರಂಗಪ್ಪನವರು ಶಾಲೆ ಶಾಲೆಗೆ ಹೇಳಿದರು. ಗಂಗರಾಜುವಿನ ತಾಯಿ ಅಂಬಮ್ಮ ಪ್ರೆಸ್ಸಿಗೆ ಅಂಟಿದ ಮನೆಯೊಳಗಿನಿಂದ, “ಆ ಮಿಷನ್ನಿಗೆ ಪೂಜಿ ಆಗಿಲ್ಲ. ನನ್ನ ಮೊಣಕಾಲು ನೋವಿಗೆ ನಾ ಹೋಗಲಿಲ್ಲ. ಅದಕ್ಕ ಹಿಂಗಾತು,” ಅಂದರು.

ಅವರ ಮನೆಯ ಪದ್ಧತಿ ಹೇಳಬೇಕು. ಪ್ರೆಸ್ಸಿಗೆ ಹೊಸ ಮಿಷನ್ ಬರಲಿ, ಇದ್ದದ್ದನ್ನೇ ಪೂರ್ತಿ ಅಳಿಸಿ ಫಾರ್ಮ್ಯಾಟ್ ಮಾಡಿರಲಿ, ಮೊದಲ ಹಾಳೆ ದೇವರದು. ಅಂಬಮ್ಮನ ಗಂಡ ಕೈಯಾರೆ ಬರೆದ ಮನೆದೇವರ ಚಿತ್ರವೊಂದಿದೆ. ಅದು ಇರುವ ಪೆನ್ ಡ್ರೈವ್ ದೇವರ ಕೋಣೆಯಲ್ಲಿ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿರುತ್ತದೆ. ಅಂಬಮ್ಮ ಅದನ್ನು ತಟ್ಟೆಯಲ್ಲಿ ತರುತ್ತಾರೆ, ಗಂಗರಾಜು ಮಿಷನ್‌ಗೆ ಚುಚ್ಚಿ ಚಿತ್ರ ತೆರೆದು ಒಂದು ಪ್ರತಿ ತೆಗೆಯುತ್ತಾನೆ, ಅದನ್ನು ದೇವರ ಮುಂದಿಡುತ್ತಾರೆ. ಅಷ್ಟಾಗುವವರೆಗೆ ಆ ಮಿಷನ್ ಶುರುವಾದ ಲೆಕ್ಕವೇ ಅಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಮೊದಲ ಪಟ್ಟಿ ಯಾವಾಗಲೂ ಮಂಗಳಾರತಿ ಆದ ಮೇಲೆ.

ಮಡಕಶಿರಾದ ಮಿಷನ್ ರಟ್ಟಿನ ಡಬ್ಬದಲ್ಲಿ ವಾಪಸ್ ಬಂತು. ಜೊತೆಗೆ ಆ ನೋಟ್ ಪುಸ್ತಕವೂ ಇತ್ತು. ಅದನ್ನು ಮೂಲೆಗೆ ಎಸೆದು ಮಿಷನ್ ಫಾರ್ಮ್ಯಾಟ್ ಮಾಡಿದೆ. ಅವತ್ತು ಶುಕ್ರವಾರ. ಅಂಬಮ್ಮ ಗುಡಿಗೆ ಹೋದವರು ಹನ್ನೊಂದಾದರೂ ಬರಲಿಲ್ಲ. ಒಂದು ಗಂಟೆ ಕಾದೆ. ಬೇರೆ ಎರಡು ಕಡೆಯಿಂದ ಫೋನ್ ಮೇಲೆ ಫೋನ್. ಕಾದು ಕಾದು ತಲೆ ಕೆಟ್ಟು, ಸುಮ್ಮನೆ ಕೂರುವ ಬದಲು ಪಟ್ಟಿಯನ್ನಾದರೂ ತೆಗೆಯೋಣ ಎಂದು ಪೂಜೆಗೆ ಮೊದಲೇ ತೆಗೆದುಬಿಟ್ಟೆ. ಆಮೇಲೆ ಅಂಬಮ್ಮ ಬಂದರು, ತಟ್ಟೆ ಬಂತು, ಚಿತ್ರ ಅಚ್ಚಾಯಿತು. ಗಂಗರಾಜು ಚಿತ್ರ ತೆರೆಯುವ ಗಳಿಗೆಯಲ್ಲಿ ನಾನು ಎಂದಿನಂತೆ ಕಣ್ಣು ಮುಚ್ಚಿ ಕೈ ಮುಗಿದಿದ್ದೆ.

ಸಂಜೆ ತಾಳೆ ನೋಡಿದರೆ ಮೂರು ಸಾಲು ಹೊಸದು.

ನನಗೆ ಮೊದಲು ಬಂದದ್ದು ಸಿಟ್ಟು, ಅದೂ ಅರ್ಚನಾಳ ಮೇಲೆ. ಫಾರ್ಮ್ಯಾಟ್ ಮಾಡಿದರೂ ಹೋಗದ ಹಾಗೆ ಅದೇನು ತುಂಬಿಸಿಟ್ಟಿದ್ದಾಳೆ ಈ ಹುಡುಗಿ! ಅವಳನ್ನು ಸಾಕ್ಷಿ ಸಮೇತ ಹಿಡಿಯಬೇಕೆಂದೇ ಮೂಲೆಯ ನೋಟ್ ಪುಸ್ತಕ ಎತ್ತಿಕೊಂಡೆ. ಮೊದಲ ಪುಟದಲ್ಲಿ ಮಿಷನ್ ಬಂದ ದಿನ, ಪಟ್ಟಿ ತೆಗೆದ ದಿನ. ಎರಡನೆಯ ಪುಟದಲ್ಲಿ ಹೀಗಿತ್ತು: ‘ಜೂನ್ 19. ರಾಯದುರ್ಗದ ಪೆನ್ ಡ್ರೈವ್ ಬಂತು. ಹಾಕುವ ಮೊದಲು ಪಟ್ಟಿ ಸರಿ ಇತ್ತು. ಹಾಕಿದ ಮೇಲೆ ಮೂರು ಹೊಸದು.’ ಕೆಳಗೆ ಮೂರು ಹೆಸರು. ‘ಅಳಿಸಿದೆ. ಶಿವರಾಮಣ್ಣನಿಗೆ ಹೇಳಿದೆ. ಅವರು ಒಪ್ಪಲಿಲ್ಲ.’ ಪುಟ ತಿರುವಿದೆ. ಹನ್ನೊಂದು ಕಡೆ ಅವೇ ಮೂರು ಹೆಸರು. ನನ್ನ ಮುಂದಿನ ಪರದೆಯ ಮೇಲಿದ್ದದ್ದೂ ಅವೇ.

ಪಟ್ಟಿ ತೆಗೆದ ಮೇಲೆ ಆ ಮಿಷನ್ನಿಗೆ ಚುಚ್ಚಿದ್ದು ಒಂದೇ ಒಂದು ವಸ್ತು, ದೇವರ ಪೆನ್ ಡ್ರೈವ್. ಎದ್ದು ಹೋಗಿ ಪ್ರೆಸ್ಸಿನ ಹಳೆಯ ಮಿಷನ್ನಿನ ಮೊಟ್ಟಮೊದಲ ಪಟ್ಟಿ ತೆರೆದೆ, ಎಲ್ಲವನ್ನೂ ಯಾವುದಕ್ಕೆ ತಾಳೆ ನೋಡುತ್ತಿದ್ದೆನೋ ಅದನ್ನು. ಆ ಮೂರೂ ಅಲ್ಲೇ ಇದ್ದವು, ಮನೆಯವರ ಹಾಗೆ, ನನ್ನ ಕೈಯಿಂದಲೇ ಹೆಸರು ಬರೆಸಿಕೊಂಡು. ಕಳ್ಳನನ್ನು ಒಳಗೆ ಕೂರಿಸಿಕೊಂಡು ಬಾಗಿಲು ಹಾಕಿ, ಯಾರೂ ಬಂದಿಲ್ಲ, ಯಾರೂ ಬಂದಿಲ್ಲ ಎಂದು ಮೂರು ತಿಂಗಳು ಡಂಗುರ ಹೊಡೆದಿದ್ದೆ. ಅವಳು ಶುಚಿ ಮಾಡಿ ಕಳಿಸಿದ ಪೆನ್ ಡ್ರೈವ್ ಕೆಡುತ್ತಿದ್ದದ್ದು ಇಲ್ಲಿ ಚುಚ್ಚಿದ ಮೇಲೆ.

ಅಂಬಮ್ಮನಿಗೆ ಹೇಳುವುದು ಹೇಗೆ? ದೇವರ ವಸ್ತುವಿಗೆ ರೋಗ ಅಂದರೆ ಮನೆಯೇ ಮೇಲೆ ಬೀಳುತ್ತದೆ ಅಂದುಕೊಂಡು ಎರಡು ದಿನ ನುಂಗಿಕೊಂಡೆ. ಮೂರನೆಯ ದಿನ ಹೇಳಿದೆ. ಆಕೆ ತಟ್ಟೆ ಕೆಳಗಿಟ್ಟರು.

“ಚಿತ್ರ ಬ್ಯಾರೆ ಕಡೆ ಇಟ್ಟುಕೊಂಡ್ರ ಆಗಲ್ಲೇನು?”

“ಆಗ್ತೈತ್ರಿ.”

“ಮತ್ತ ಅದನ್ನ ಮಾಡು. ಇದು ದೇವರ ಮುಂದ ಇರಲಿ, ಇನ್ನ ಯಾವ ಮಿಷನ್ನಿಗೂ ಬ್ಯಾಡ. ನನಗೇನು ಗೊತ್ತಪ್ಪ ವೈರಸ್ಸು ಗಿರಸ್ಸು. ನಿನಗ ಗೊತ್ತಿತ್ತಲ್ಲ. ನೀ ಯಾಕ ಕಣ್ಣು ಮುಚ್ಕೊಂಡು ನಿಂತಿದ್ದಿ?”

ಗಂಗರಾಜು ತಲೆ ತುರಿಸಿಕೊಂಡ. “ಹೋಗ್ಲಿ ಬಿಡ್ರಿ ಶಿವರಾಮಣ್ಣ. ಆ ಹುಡುಗಿನ್ನ ವಾಪಸ್ ಕರದ್ರಾತು, ಅಷ್ಟ ಅಲ್ಲೇನು?” ಅಷ್ಟೇ ಅಂತೆ. ಅವನನ್ನು ಬೈಯಲು ನನಗೇನು ಮುಖವಿತ್ತು?

ಮಾರನೆಯ ದಿನ ಬಸ್ಸು ಹತ್ತಿದೆ. ಮೂರು ತಿಂಗಳಲ್ಲಿ ಒಂದು ಸಲವಾದರೂ ಮಾಡಬಹುದಾಗಿದ್ದ ಪ್ರಯಾಣ. ಮಡಕಶಿರಾದ ಕೋಣೆಗೆ ಬೀಗ. ಕೇಳಿಕೊಂಡು ಮನೆಗೆ ಹೋದೆ. ಅವರದು ರೇಷ್ಮೆಹುಳ ಸಾಕುವ ಮನೆ. ಅರ್ಚನಾ ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿಚ್ಚುತ್ತಿದ್ದಳು. ಫೋನಿನಲ್ಲಿ ನಾನು ಅಷ್ಟು ಬೈದಿದ್ದ ಹುಡುಗಿಯ ಮುಖವನ್ನು ನೋಡಿದ್ದು ಅವತ್ತೇ ಮೊದಲು. ಮೂವತ್ತು ದಾಟಿರಬಹುದು, ಹುಡುಗಿ ಅಂತ ಕರೆದದ್ದೂ ನನ್ನ ಕೊಬ್ಬೇ. ನಾನು ನೆರಳಿಗೆಂದು ಹುಳದ ಮನೆಯ ಬಾಗಿಲಿನತ್ತ ಹೆಜ್ಜೆ ಇಟ್ಟೆ. ಅವಳ ತಾಯಿ ತಿಪ್ಪಮ್ಮ ಕೈ ಅಡ್ಡ ಹಿಡಿದರು.

“ಅಲ್ಲೇ ನಿಂತ್ಕಳಪ್ಪ. ಹೊರಗಿನೋರು ಹಂಗೇ ಬಂದ್ರೆ ಹುಳಕ್ಕೆ ರೋಗ ಬತ್ತೈತೆ.” ಬಾಗಿಲ ಬಳಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ಬೋಗುಣಿ ಇತ್ತು. ಯಾರೇ ಆಗಲಿ ಅದರಲ್ಲಿ ಕಾಲಿಟ್ಟೇ ಒಳಗೆ ಹೋಗಬೇಕು. ನಾನು ಅಂಗಳದಲ್ಲೇ ನಿಂತೆ.

“ತಪ್ಪು ನಮ್ಮ ಕಡೇದೇ ಅರ್ಚನಮ್ಮ. ನನ್ನದೇ,” ಎಂದು ಎಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸುವ ಕೈ ನಿಲ್ಲಿಸಲಿಲ್ಲ.

“ಫೋನ್ ಐತಾ ಅಣ್ಣ? ದೊಡ್ಡರಂಗಪ್ಪ ಮೇಷ್ಟ್ರಿಗೆ ಹಚ್ಚಿ. ನನಗೂ ಕೇಳಂಗೆ ಇಡಿ.”

ಹಚ್ಚಿದೆ. ಅಂಗಳದಲ್ಲಿ ನಿಂತು, ಅವತ್ತು ತೋರಿಸಿದ ಹಾಳೆಗಳೆಲ್ಲ ಕೆಲಸಕ್ಕೆ ಬಾರದವು, ಅರ್ಚನಾ ಹೇಳಿದ್ದೇ ನಿಜ ಅಂದೆ.

“ಹೌದಾ? ಪಾಪ. ಆದ್ರೆ ಕೆಲ್ಸ ಬೇರೆಯೋರಿಗೆ ಒಪ್ಪಿಸಾಯ್ತಲ್ರಿ. ಈ ವರ್ಷ ಇನ್ನು ಏನೂ ಮಾಡಕ್ಕಾಗಲ್ಲ. ಮುಂದಿನ ವರ್ಷ ನೋಡಾನ,” ಎಂದು ಮೇಷ್ಟ್ರು ಫೋನ್ ಇಟ್ಟರು.

ಅರ್ಚನಾ ಕೈ ಒರೆಸಿಕೊಂಡು ಎದ್ದಳು. ಅತ್ತರೆ ನನಗೆ ಹಗುರವಾಗುತ್ತಿತ್ತೇನೋ. ಅವಳು ಅಳಲಿಲ್ಲ. ನಾನು ತಂದಿದ್ದ ನೋಟ್ ಪುಸ್ತಕ ಇಸಿದುಕೊಂಡು ಕೊನೆಯ ಪುಟ ತೆಗೆದು ಮತ್ತೆ ನನ್ನ ಕೈಗೇ ಕೊಟ್ಟಳು.

“ಈಗ ಹೇಳಿದ್ದನ್ನ ಇದ್ರಾಗೆ ಬರೀರಿ. ಮುಂದಿನ ವರ್ಷ ಯಾರಾನಾ ಕೇಳಿದ್ರೆ ತೋರಿಸ್ತೀನಿ.”

ಬರೆದೆ. ‘ವೈರಸ್ ಇದ್ದದ್ದು ರಾಯದುರ್ಗದ ಮಿಷನ್ನಿನಲ್ಲಿ. ಅರ್ಚನಾ ಅವರ ಪಟ್ಟಿ ಸರಿಯಾಗಿತ್ತು. ನಾನು ನೋಡಲಿಲ್ಲ.’ ಸಹಿ ಮಾಡಿ, ಕೆಳಗೆ ಅವತ್ತಿನ ತಾರೀಖು ಹಾಕಿದೆ.

ಅವಳು ಓದಿದಳು. “ಈ ತಾರೀಖು ಇರ್ಲಿ. ನಾನು ನಿಮಗೆ ಮೊದಲ್ನೇ ಸಲ ಹೇಳಿದ್ದು ಯಾವತ್ತು ಅಂತ್ಲೂ ಬರೀರಿ.”

ನಾನು ಎರಡನೆಯ ಪುಟಕ್ಕೆ ತಿರುವಿ, ನೋಡಿಕೊಂಡು ಬರೆದೆ: ಜೂನ್ 19.