ನಲ್ಲಿಗೆ ಮೊದಲಿನ ಚಿತ್ರ

“ಸ್ವಲ್ಪ ಬಡವರ ಹಾಗೆ ನಿಲ್ಲಿ” ಎಂದುಬಿಟ್ಟ ಮೇಲೆ ಹೇರಂಬನಿಗೆ ತನ್ನ ಮಾತು ತನಗೇ ಕೇಳಿಸಿತು.

ಹಟ್ಟಿಕೇರಿಯ ಬಾವಿಕಟ್ಟೆಯ ಬಳಿ ಹೊನ್ನು ಹೊಸ ಸೀರೆಯುಟ್ಟು ನಿಂತಿದ್ದಳು. ಅರವತ್ತು ದಾಟಿದ ಹೆಂಗಸು. ಫೋಟೋ ಎಂದರೆ ಯಾರಾದರೂ ಹಾಗೆಯೇ ಬರುತ್ತಾರೆ.

“ಹೆಂಗೆ ನಿಲ್ಲೂದು ತಮಾ? ಆಗ್ಲೂ ನಾ ಹಿಂಗೇ ನಿಲ್ತಿದ್ದೆ.”

ಯುರೋಪಿನ ಒಂದು ದೇಶ ಹನ್ನೆರಡು ವರ್ಷದ ಹಿಂದೆ ಈ ಊರಿಗೆ ನಲ್ಲಿ ಹಾಕಿಸಿಕೊಟ್ಟಿತ್ತು. ಭಾರತ ಬಡ ದೇಶವಲ್ಲ, ಮಧ್ಯಮ ಆದಾಯದ ದೇಶ ಎಂಬುದು ಈಗ ಅವರಿಗೆ ಮನವರಿಕೆಯಾಗಿ, ಅವರ ಕಾರವಾರದ ಕಚೇರಿಗೆ ಬೀಗ ಬೀಳುವುದರಲ್ಲಿತ್ತು. ಕೊನೆಯ ವರದಿಗೆ ಎರಡು ಚಿತ್ರ ಬೇಕು: ನಲ್ಲಿಗೆ ಮೊದಲು, ನಲ್ಲಿಯ ನಂತರ. ಮೊದಲಿನದನ್ನು ಆಗ ಯಾರೂ ತೆಗೆದಿರಲಿಲ್ಲ. ತೆಗೆಯಬೇಕಾಗಿದ್ದವನು ಆ ಕಚೇರಿಯಲ್ಲಿ ಕೆಲಸಕ್ಕಿದ್ದ ಹೇರಂಬನೇ. ಇವತ್ತು ವರದಿ ಮುಗಿದರೆ ಬೇರೊಂದು ಬಡ ದೇಶದಲ್ಲಿ ಅವನಿಗೆ ಕೆಲಸ ಕಾದಿತ್ತು. ಇಲ್ಲವಾದರೆ ನಲವತ್ತೇಳನೆಯ ವಯಸ್ಸಿಗೆ ಮನೆಯಲ್ಲಿ ನೊಣ ಹೊಡೆಯುತ್ತ ಕೂರಬೇಕು. ಅವನಿಗೆ ಹೆದರಿಕೆಯಾಗಿತ್ತು.

“ಹಳೇ ಸೀರೆ ಇದ್ದರೆ...”

“ಹಳೇದೆಲ್ಲ ಕಾಲೊರಸೂಕೆ ಹಾಕೀನಿ.” ಹೊನ್ನು ಹೊಸ ಸೀರೆಯ ಸೆರಗು ಸರಿಮಾಡಿಕೊಂಡಳು. “ನೀರು ಕೊಟ್ರಿ, ಕುಡದೆ. ಇದೊಂದು ನನ್ ಕೈಲಾಗೂದಿಲ್ಲ. ಚಾ ಮಾಡ್ತೆ, ಕುಡಕಂಡು ಹೋಗಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು. ಅವಳು ಒಳಗೆ ಹೋದಳು.

ಜೀಪಿಗೆ ಒರಗಿ ನಿಂತಿದ್ದ ಡ್ರೈವರ್ ರೂಪೇಶ ಹೇಳಿದ, “ನೀವೇ ನಿಲ್ಲಿ ಸರ್. ಯುರೋಪಿನವರಿಗೆ ನಿಮ್ಮ ಮುಖ ಎಲ್ಲಿ ಗೊತ್ತುಂಟು?”

ಗೊತ್ತಿರಲಿಲ್ಲ. ಹನ್ನೆರಡು ವರ್ಷ ಅವರು ಅವನ ಸಹಿಯನ್ನಷ್ಟೇ ನೋಡಿದ್ದರು. ಹೇರಂಬ ನಕ್ಕ. ಆಮೇಲೆ ವಾಚು ಬಿಚ್ಚಿದ, ಅಂಗಿ ಬಿಚ್ಚಿದ. ಪ್ಯಾಂಟು ಕಳಚಿ ಜೀಪು ಒರೆಸುವ ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡ.

“ಜನಿವಾರ ಕಾಣ್ತದೆ ಸರ್.”

ಅದನ್ನೂ ತೆಗೆದು ಅಂಗಿಯ ಜೇಬಿಗೆ ಹಾಕಿದ. ಕಟ್ಟೆಯ ಮೇಲಿದ್ದ ಕೊಡ ಎತ್ತಿಕೊಂಡು, ಭುಜ ಇಳಿಬಿಟ್ಟು, ಮುಖ ಹೇಗಿಟ್ಟುಕೊಳ್ಳಲಿ ಎಂದು ಕೇಳಿದ.

ಫೋಟೋ ತೆಗೆಯುತ್ತಿದ್ದ ರೂಪೇಶ ಮೊಬೈಲಿನಿಂದ ಕಣ್ಣೆತ್ತಲಿಲ್ಲ. “ಬರೋಬರಿ ಉಂಟು ಸರ್. ಎಂತದೂ ಮಾಡಬೇಡಿ.”

ಹೊನ್ನು ಚಾ ಲೋಟ ಹಿಡಿದು ಬಾಗಿಲಿಗೆ ಬಂದವಳು ಅವನನ್ನು ನೋಡಿ ಅಲ್ಲೇ ನಿಂತಳು. “ಅಯ್ಯೋ ತಮಾ” ಎಂದಳು, ಅಷ್ಟೇ. ಅವನು ಚಾ ಕುಡಿಯದೆ ಹೊರಟ.

ಕಾರವಾರಕ್ಕೆ ಬಂದು ಚಿತ್ರ ಕಳಿಸಿದ ಅರ್ಧ ಗಂಟೆಯಲ್ಲಿ ಯುರೋಪಿನಿಂದ ಉತ್ತರ ಬಂತು. “ಅದ್ಭುತ. ಕಣ್ಣು ತುಂಬಿ ಬಂತು. ಈ ಮನುಷ್ಯ ಈಗ ಹೇಗಿದ್ದಾನೆ? ಅವನದೇ ಈಗಿನ ಚಿತ್ರ ಸಂಜೆಯೊಳಗೆ ಬೇಕು.”

ಹೇರಂಬ ಬಾಡಿಗೆ ಮನೆಗೆ ಹೋಗಿ ಸ್ನಾನ ಮಾಡಿದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವಾಚು ಕಟ್ಟಿ, ಫೋನನ್ನು ಅಕ್ಕಿ ಡಬ್ಬಕ್ಕೆ ಆನಿಸಿಟ್ಟು, ಅಡಿಗೆಮನೆಯ ನಲ್ಲಿ ತಿರುಗಿಸಿ ನಕ್ಕ. ಚಿತ್ರ ಬಂತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಬಾವಿಯ ಹತ್ತಿರದವನು ಯಾರೋ ಬರುತ್ತಾರೆಂದು ಕಾಯುತ್ತಿರುವವನಂತೆ ಕಂಡ. ಅಂಗಿ ತೊಟ್ಟವನು ಯಾರನ್ನೂ ಕಾಯುತ್ತಿರಲಿಲ್ಲ. ನಗುತ್ತಿದ್ದರೂ ನೀರು ಸಿಕ್ಕಿದವನ ಸಂತೋಷ ಆ ಮುಖದಲ್ಲಿರಲಿಲ್ಲ; ಇದನ್ನು ಕಳಿಸುವಂತಿರಲಿಲ್ಲ.

ಮತ್ತೊಮ್ಮೆ ನಿಂತ. ಇನ್ನೊಮ್ಮೆ. ಹನ್ನೊಂದನೆಯ ಸಲ ಕೈಗೊಂದು ಲೋಟ ತೆಗೆದುಕೊಂಡ. ಕಿಟಕಿಯಾಚೆ ಬೆಳಕು ಇಳಿಯುತ್ತಿತ್ತು. ಲೋಟ ತುಂಬಿ ನೀರು ಮುಂಗೈಗೆ ಇಳಿದು ಅಂಗಿಯ ತೋಳು ಒದ್ದೆಯಾಯಿತು. ಫೋನಿನ ಪರದೆಯ ಮೇಲೆ ಮೂರು, ಎರಡು, ಒಂದು. ಹೇರಂಬ ಹಲ್ಲು ಬಿಟ್ಟುಕೊಂಡು ನಿಂತಿದ್ದ.