ವಿಡಿಯೋದಾಗಿನ ಕೈ

ಕೆಲಗೇರಿ ಹನುಮವ್ವ ಮನ್ಯಾಗ ಕುಂತ ಅರ್ಧ ದೇಶಕ್ಕ ಕೌದಿ ಹೊಲಿಯೋದ ಕಲಸ್ಯಾಳರಿ. ಇದರಾಗ ಅರ್ಧ ಸುಳ್ಳ ಅಂತ ಆಕಿನ ಒಪ್ಕೋತಾಳ. ವಾರಕ್ಕೊಮ್ಮೆ ವಿಡಿಯೋ ಕಾಲಿನ್ಯಾಗ ಕಲಿಯಾವ್ರು ಹನ್ನೊಂದ ಮಂದಿ. ಉಳದ ಸುಳ್ಳ ಒಪ್ಕೊಳ್ಳಾಕ ಮಾತ್ರ ಆಕಿಗೆ ಭಾಳ ನಾಚಿಕಿ.

ಮೊಮ್ಮಗಳು ಗೀತಾಂಜಲಿ ಫೋನಿಗೆ ಹಗ್ಗಾ ಕಟ್ಟಿ, ಕೆಳಮುಖ ಮಾಡಿ ಜಂತಿಯಿಂದ ಇಳಿಬಿಟ್ಟಿದ್ದಳು. ವಿಡಿಯೋದಾಗ ಕಾಣೂದು ಬರೇ ಹಳೇ ಸೀರಿ ತುಣುಕು, ಸೂಜಿ, ಎರಡ ಕೈ.

ಮೊದಲ ವಾರ ಛಲೋ ಹೋತು. ಎರಡನೇ ವಾರ ಹನುಮವ್ವನ ಕೈ ಎಷ್ಟ ನಡಗಿದುವು ಅಂದ್ರ, ಸೂಜಿ ಧಾರವಾಡದಾಗ ಚುಚ್ಚಿದ್ರ ಹೆಬ್ಬಳ್ಳ್ಯಾಗ ಹೊರಗ ಬರತಿತ್ತು. ಬಾಜೂ ಮನಿ ಫಿಜಾನ ಕರದಳು.

"ನೀ ಹೊಲಿ ನನ್ನವ್ವಾ, ನಾ ಮಾತಾಡತೀನಿ. ಯಾರಿಗೆ ಗೊತ್ತಾಕ್ಕತಿ?"

ಯಾರಿಗೂ ಗೊತ್ತಾಗಲಿಲ್ಲ. ಫಿಜಾನ ಹೊಲಿಗಿ ಅಂದ್ರ ಇರವಿ ಸಾಲು ಹೊಂಟಂಗ. ಕಲಿಯಾವ್ರೊಳಗ ಒಬ್ಬಾಕಿ, ಪುಣೇದ ಧನಶ್ರೀ, "ಎಪ್ಪತ್ತಾದ್ರೂ ಕೈ ಸುಕ್ಕಿಲ್ಲಲ್ಲರಿ ಅಜ್ಜಿ!" ಅಂದಳು.

"ರೊಟ್ಟಿ ಬಡದ ಕೈ ಸುಕ್ಕಾಗೂದಿಲ್ಲವಾ!" ಹನುಮವ್ವ ಪೂರಿ ಉಬ್ಬಿದಂಗ ಉಬ್ಬಿದಳು.

ಫಿಜಾ ಬಾಯಿಗೆ ಸೆರಗ ಹಿಡದ ನಕ್ಕಳು. ನಾಕ ತಿಂಗಳ ಹಿಂಗ ನಡೀತು. ಬರಬರತಾ ಫಿಜಾ ನಗೂದ ಬಿಟ್ಟಳು.

ಮೊನ್ನಿ ರವಿವಾರ ಆಕಿ ತಂಗಿ ಮದಿವಿ ಮುಗಿಸಿ ಸೀದಾ ಬಂದ ಹೊಲಿಯಾಕ ಕುಂತಳು. ಮೊಣಕೈ ತನಕ ಮೆಹಂದಿ, ಕೈತುಂಬ ಹಸರ ಬಳಿ. ಹನುಮವ್ವ ಮಾತಿನ ಭರದಾಗ ನೋಡಲೇ ಇಲ್ಲ.

"ಅಜ್ಜಿ," ಧನಶ್ರೀ ಕೇಳಿದಳು, "ಅಜ್ಜಾರು ತೀರಿಕೊಂಡ ಮ್ಯಾಲ ಬಳಿ ಮುಟ್ಟಿಲ್ಲಾ ಅಂದಿದ್ರಿ?"

ಹನುಮವ್ವನ ಮಾರಿ ಬ್ಯಾಡಗಿ ಮೆಣಸಿನಕಾಯಿ ಆತು.

"ಅದು... ಬಾಜೂ ಮನಿಯಾಕಿ ಸೂಜಿ ಪೋಣಿಸಿ ಕೊಡಾಕ ಬಂದಾಳವಾ, ಅಷ್ಟ."

ಫಿಜಾ ಸೂಜಿ ಬಟ್ಟಿಗೆ ಚುಚ್ಚಿ ಕೈ ಹಿಂದಕ ತಗೊಂಡಳು. ಮೆಲ್ಲಗ ಅಂದಳು, "ಪೋಣಿಸಿ ಆತು ಯವ್ವಾ. ಇನ್ನ ನೀವ ಹೊಲೀರಿ."

ಎದ್ದ ಬಾಗಲಿಗೆ ಹೋಗಿ ಚಪ್ಪಲಿ ಮೆಟ್ಟಾಕ ಹತ್ತಿದಳು. ಈಗ ಹೋದ್ರ ಮತ್ತ ಈ ಮನಿಗೆ ಬರೂದಿಲ್ಲಂತ ಹನುಮವ್ವಗ ತಿಳೀತು. ನಾಚಿಕೀಲೆ ಕುಂತ ಜಾಗಾದಾಗ ಇಳದ ಹೋಗಬೇಕನಸ್ತು. ನಡಗೂ ಕೈಲೆ ಫೋನ ಹಿಡದು ತನ್ನ ಮಾರಿ ಕಡೆ ತಿರಗಿಸಿದಳು.

"ಧನಶ್ರೀ, ಎಲ್ಲಾರೂ ಕೇಳ್ರಿಲ್ಲೆ..."

ಫಿಜಾ ಒಂದ ಚಪ್ಪಲಿ ಮೆಟ್ಟಿ, ಇನ್ನೊಂದ ಕೈಯಾಗ ಹಿಡದ ಹಂಗ ನಿಂತಳು.

ಹನುಮವ್ವ ಮುಂದ ಏನ ಅಂದಿರಬೇಕು? ನೀವ ಹೇಳ್ರಿ ನೋಡೂಣು.