ಮುದ್ದಮ್ಮನ ತವರು

"ಅಲ್ಲೇ ನಿಂತ್ಕೊ" ಎಂದು ಮಾದಯ್ಯ ಬಾಗಿಲಿಗೆ ಅಡ್ಡ ಬಂದ.

ಕಂಕುಳಲ್ಲಿ ಹೊಸ ಸೀರೆ ಅವುಚಿಕೊಂಡು ಅಂಗಳಕ್ಕೆ ಕಾಲಿಟ್ಟಿದ್ದ ದ್ಯಾವಯ್ಯ ಮುಂದಿನ ಹೆಜ್ಜೆ ಎತ್ತಲಿಲ್ಲ. ಒಳಗೆ ಹೆಣವಾಗಿ ಮಲಗಿದ್ದ ಮುದ್ದಮ್ಮನಿಗೆ ಅವನು ಒಬ್ಬನೇ ತಮ್ಮ, ಮಾದಯ್ಯನಿಗೆ ಸೋದರಮಾವ. ಮಾದಯ್ಯನ ಅಪ್ಪ ಬೋರಪ್ಪನನ್ನು ಐವತ್ತೆರಡನೇ ಇಸವಿಯಲ್ಲಿ ಮಚ್ಚಿನಿಂದ ಕಡಿದು ಕೊಂದವನೂ ಅವನೇ. ವಯಸ್ಸು ಐವತ್ತಾಗದಿದ್ದರೂ ಜೈಲು ಅವನನ್ನು ಮುದುಕನನ್ನಾಗಿಸಿತ್ತು. ಬಿಡುಗಡೆಯಾದ ಮೇಲೆ ಈ ಹಳೇಕೋಟೆ ಊರಿನ ಕಡೆ ತಲೆ ಹಾಕದೆ ಕೊಣನೂರಿನಲ್ಲಿ ಮೂಟೆ ಹೊತ್ತು ಬದುಕುತ್ತಿದ್ದ.

ನೆರೆಮನೆಯ ಗುರುಸಿದ್ದಮ್ಮ ಒದ್ದೆ ಕೈ ಸೆರಗಿಗೆ ಒರೆಸುತ್ತ ಹೊರಗೆ ಬಂದಳು. "ನೀರು ಉಯ್ದಾಯ್ತು ಮಗ. ತವರಿನ ಸೀರೆ ಬತ್ತಾ?"

"ನಾನೇ ತಂದಿವ್ನಲ್ಲ ದೊಡ್ಡವ್ವ, ಅದ್ನೇ ಉಡ್ಸಿ" ಎಂದ ಮಾದಯ್ಯ.

"ನೀನು ಮಗ ಕಣ್ಲಾ. ಮಗ ತಂದಿದ್ದು ತವರಿಂದು ಆದಾದಾ? ತವರಿಲ್ದೋಳು ಅನ್ನಿಸ್ಕೊಂಡು ನಿಮ್ಮವ್ವ ಓಗ್ಬೇಕಾ?"

"ಗಂಡನ್ನೇ ತಿಂದ ತವರು."

"ಸೀರೆ ಏನ್ ಮಾಡ್ತು ಮಗ?"

ದ್ಯಾವಯ್ಯ ಸೀರೆಯನ್ನು ಜಗುಲಿಯ ಅಂಚಿಗಿಟ್ಟು ಹಿಂದೆ ಸರಿದ. "ನಾನು ಒಳಕ್ಕೆ ಬರಾಕಿಲ್ಲ ಅಳಿಯ. ಇದು ಓಗ್ಲಿ" ಎಂದ. ಗುರುಸಿದ್ದಮ್ಮ ಸೀರೆ ಎತ್ತಿಕೊಂಡಳು. ಮಾದಯ್ಯ ಮುಖ ತಿರುಗಿಸಿದ, ತಡೆಯಲಿಲ್ಲ.

*

ಮಾದಯ್ಯನಿಗೆ ಈಜು ಕಲಿಸಿದವನು ಈ ಮಾವನೇ. ಸೊಂಟಕ್ಕೆ ಒಣಸೋರೆ ಬುರುಡೆ ಕಟ್ಟಿ ನಾಲೆಗೆ ಇಳಿಸುತ್ತಿದ್ದ. ಹುಡುಗ ನೀರು ಕುಡಿದು ಕೆಮ್ಮಿದರೆ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, "ನಾಲೇನೇ ಕುಡಿದುಬುಟ್ರೆ ಗದ್ದೆಗೇನು ಬುಡ್ತೀಯಲಾ?" ಎಂದು ನಗುತ್ತಿದ್ದ. ದಂಡೆಯ ಮೇಲೆ ಏಡಿ ಸುಟ್ಟು, ಕೊಂಡಿ ಮುರಿದು, ಒಳಗಿನ ಬಿಳಿ ಮಾಂಸವನ್ನು ಮೊದಲು ಅಳಿಯನ ಬಾಯಿಗೆ ಇಡುತ್ತಿದ್ದ. ಅಪ್ಪನೂ ಮಾವನೂ ಒಂದೇ ಬೀಡಿಯನ್ನು ಸರದಿಯ ಮೇಲೆ ಎಳೆಯುತ್ತಿದ್ದ ಕಾಲ ಅದು. ಇಬ್ಬರ ಗದ್ದೆಗೂ ನಡುವೆ ಒಂದೇ ಬದು.

ಆ ವರ್ಷ ನಾಲೆಯಲ್ಲಿ ನೀರು ಸಣ್ಣಗಾಯಿತು. ದ್ಯಾವಯ್ಯನ ಸರದಿಯ ನೀರನ್ನು ಬೋರಪ್ಪ ತನ್ನ ಗದ್ದೆಗೆ ತಿರುಗಿಸಿಕೊಂಡ. ಬೆಳಿಗ್ಗೆ ಬದುವಿನ ಮೇಲೆ ಮಾತಿಗೆ ಮಾತು ಬೆಳೆಯಿತು. ಅಲ್ಲಿಗೇ ಮುಗಿದಿದ್ದರೆ ಮುಗಿಯುತ್ತಿತ್ತು. ದ್ಯಾವಯ್ಯ ಮನೆಗೆ ಹೋಗಿ ಮಚ್ಚು ತಂದ. ಮುದ್ದಮ್ಮ ಹಿಟ್ಟಿನ ಕುಕ್ಕೆ ಹೊತ್ತು ಗದ್ದೆ ತಲುಪುವುದಕ್ಕೂ ತಮ್ಮನ ಕೈ ಮೇಲೇಳುವುದಕ್ಕೂ ಸರಿಹೋಯಿತು.

ಕಡಿದದ್ದನ್ನು ಕಂಡವಳು ಅವಳೊಬ್ಬಳೇ. ಹಾಸನದ ಕೋರ್ಟಿನಲ್ಲಿ ಕಂಡದ್ದನ್ನು ಕಂಡ ಹಾಗೇ ಹೇಳಿದಳು. ತವರಿನವರು, ಏನೂ ಕಾಣೆ ಅಂದುಬಿಡು ಎಂದು ಕಾಲಿಗೆ ಬಿದ್ದಿದ್ದರು, ಕೇಳಲಿಲ್ಲ. ಮನೆಗೆ ಹೋಗಿ ಮಚ್ಚು ತಂದನೆಂಬ ಮಾತೇ ದೊಡ್ಡದಾಗಿ, ಗಲ್ಲಿನ ತೀರ್ಪಾಯಿತು.

ಮರುವಾರ ಅವಳೇ ಮಗನ ಕೈ ಹಿಡಿದು ವಕೀಲರ ಮನೆ ಹುಡುಕಿಕೊಂಡು ಹೋದಳು. ವಕೀಲರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ನಿನ್ನ ಸಾಕ್ಷಿಯಿಂದಲೇ ಅಲ್ಲವೇನಮ್ಮ ಶಿಕ್ಷೆಯಾದದ್ದು? ಈಗ ಜೀವದಾನ ಬೇಡು ಅಂತೀಯಲ್ಲ?"

"ನಾನು ನಿಜ ಏಳ್ದೆ ಸಾಮಿ. ಅವನ ಕುತ್ತಿಗೆಗೆ ಅಗ್ಗ ಕೇಳ್ಲಿಲ್ಲ."

ವಕೀಲರು ಅರ್ಜಿ ಬರೆದರು, ಅವಳು ಹೆಬ್ಬೆಟ್ಟು ಒತ್ತಿದಳು. ಗಂಡನ ಕಡೆಯವರು ಅಂದಿನಿಂದ ಅವಳ ಮನೆಯ ನೀರು ಮುಟ್ಟಲಿಲ್ಲ.

ಉತ್ತರ ಬರುವ ತನಕ ಅವ್ವ ಬಾವಿಯ ಹಗ್ಗ ಹಿಡಿಯಲಿಲ್ಲ. ಹತ್ತಿರದ ಬಾವಿ ಬಿಟ್ಟು ದೂರದ ನಾಲೆಯಿಂದ ಕೊಡ ಹೊತ್ತು ತರುತ್ತಿದ್ದಳು. ಯಾಕವ್ವ ಎಂದರೆ, "ನಾಲೆ ನೀರು ರುಚಿ ಕಣ ಮಗ" ಎನ್ನುತ್ತಿದ್ದಳು. ಗಲ್ಲು ತಪ್ಪಿ ಜೀವಾವಧಿಯಾಯಿತೆಂಬ ಸುದ್ದಿ ಬಂದ ದಿನ ಬಾವಿಗೆ ಹೋಗಿ ಸೇದಿದಳು, ಸೇದಿದಳು, ಹಂಡೆ ತುಂಬಿ ಹೊರಚೆಲ್ಲುವವರೆಗೂ ಸೇದಿದಳು. ಆಮೇಲೆ ಒಲೆ ಹೊತ್ತಿಸಿ ಮಗನಿಗೆ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದಳು. ಹಂಡೆಯ ಹೊಗೆ, ಸೀಗೆಯ ಉರಿ, ಅವ್ವನ ಬೊಬ್ಬೆಯೆದ್ದ ಅಂಗೈ, ಮಾದಯ್ಯನಿಗೆ ಎಲ್ಲ ನೆನಪಿತ್ತು. ಆ ಸುಖದ ನಡುವೆಯೇ, 'ಅಪ್ಪನನ್ನು ಕೊಂದವನು ಉಳಿದದ್ದಕ್ಕೆ ನನಗೆ ಅಭ್ಯಂಜನ' ಅಂತ ಹೊಳೆದು ಮೈ ಬಿಗಿದದ್ದೂ ನೆನಪಿತ್ತು.

*

ಒಳಗೆ ಹೆಣಕ್ಕೆ ಸೀರೆ ಉಡಿಸಿದ್ದರು. ಬಾಳೆಕಾಯಿ ಬಣ್ಣ, ಸಣ್ಣ ಕೆಂಪಂಚು. ಸಾದಾ ನೂಲಿನದು.

"ಕೊಣನೂರು ಸಂತೆಗೆ ನಿಮ್ಮವ್ವ ಏನ್ ತರಾಕೆ ಓಗ್ತಿದ್ಲು ಗೊತ್ತೇನ್ಲಾ?" ಎಂದಳು ಗುರುಸಿದ್ದಮ್ಮ.

"ಗೊತ್ತು. ತಮ್ಮನ್ನ ಮಾತಾಡ್ಸಾಕೆ."

"ಒಂದ್ ಮಾತೂ ಆಡ್ತಿರ್ಲಿಲ್ಲ ಕಣ್ಲಾ. ನಾನೂ ಜೊತೇಲಿ ಓಗಿವ್ನಿ. ಪಕ್ಕದಾಗೆ ಕುಂತು ರೊಟ್ಟಿ ಮುರ್ದು ಅವನ ಕೈಗೆ ಇಕ್ಕೋಳು. ತಿಂದಾದ್ಮೇಲೆ ಎದ್ದು ಬರೋಳು. ಅವನು ಅಕ್ಕಾ ಅಂದ್ರೂ ಓಗೊಡ್ತಿರ್ಲಿಲ್ಲ. ನಿಂಗೊಬ್ಬಂಗೇ ಸಿಟ್ಟು ಅಂದ್ಕೊಂಡಿದ್ದೀಯಾ?"

ಮಾದಯ್ಯ ಅವ್ವನ ಮುಖ ನೋಡಿದ. ಅವಳಿಗೂ ಸಿಟ್ಟಿತ್ತೆಂದು ಇಷ್ಟು ವರ್ಷ ಅವನಿಗೆ ಗೊತ್ತಿರಲಿಲ್ಲ.

ಹೊತ್ತು ಇಳಿಯುವಾಗ ಚಟ್ಟ ಎತ್ತಿದರು. ದ್ಯಾವಯ್ಯ ಎಲ್ಲರಿಗಿಂತ ಹಿಂದೆ, ಕರೆಯದೆ ಬಂದವನ ಹಾಗೆ ನಡೆದು ಬಂದ. ಗುಂಡಿಯ ಹತ್ತಿರ ಊರ ಹಿರಿಯ ಹುಚ್ಚಯ್ಯ, "ಕಾಲಿನ ಕಡೆಗೆ ನಾನು ಇಳೀತೀನಿ. ತಲೆ ಇಡ್ಕೊಳಾಕೆ ಅವಳ ಕಡೆಯೋರು ಯಾರವ್ರೆ?" ಎಂದ. ಜನ ಮಾದಯ್ಯನ ಮುಖ ನೋಡಿದರು.

"ಇಳಿ ಮಾವ" ಎಂದ ಮಾದಯ್ಯ.

ದ್ಯಾವಯ್ಯ ಕೂತುಕೊಂಡೇ ಜಾರಿ ಒಳಗಿಳಿದ. ಅಕ್ಕನ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ಮೆಲ್ಲಗೆ ಮಣ್ಣಿಗಿಟ್ಟು, ಮುಖದ ಮೇಲೆ ಸರಿದಿದ್ದ ಸೆರಗು ಸರಿಮಾಡಿದ. ಹುಚ್ಚಯ್ಯನನ್ನು ಅವನ ಮಕ್ಕಳು ಮೇಲಕ್ಕೆ ಎಳೆದುಕೊಂಡರು. ದ್ಯಾವಯ್ಯ ಅಂಚಿಗೆ ಕೈಯಿಟ್ಟು ಎರಡು ಸಲ ಹತ್ತಲು ನೋಡಿದ. ಹಸಿಮಣ್ಣು ಕುಸಿಯಿತು. ಯಾರೂ ಮುಂದೆ ಬರಲಿಲ್ಲ.

ಮೊದಲ ಹಿಡಿ ಮಣ್ಣು ಮಗನದು. ಮಾದಯ್ಯ ಅದನ್ನು ಆಗಲೇ ಮುಷ್ಟಿಯಲ್ಲಿ ಹಿಡಿದು ನಿಂತಿದ್ದ. ಕೆಳಗೆ ಮಾವ ತಲೆಯೆತ್ತಿ ನೋಡಿದ. ಮಾದಯ್ಯ ಮಣ್ಣನ್ನು ಪಕ್ಕಕ್ಕೆ ಸುರಿದು, ಅಂಚಿನಲ್ಲಿ ಮಂಡಿಯೂರಿ, ಆ ಕೆಸರುಗೈಯನ್ನೇ ಕೆಳಕ್ಕೆ ಚಾಚಿದ.